ತಲೆ ಇಲ್ಲದ ಗಿಟಾರು, ಅಟ್ಟದ ಮೇಲಿನ ತಂಬೂರಿ

ಅಕ್ಕ-ತಂಗೀರೆ, ಈ ವಾರ ಹಾಲುಬಾಯಿ ಮಾಡೋದು ಬರೀತೀನಿ ಅಂದಿದ್ದೆ. ಅದು ಮುಂದಿನ ಸಲಕ್ಕಿರಲಿ. ಮನೆಗೆ ತಲೆ ಇಲ್ಲದ ಗಿಟಾರೊಂದು ಬಂದು ನಮ್ಮತ್ತೆಗೂ ಮೊಮ್ಮಗನಿಗೂ ಮಾತು ಬಿಟ್ಟೋಗಿತ್ತು. ಮೊದಲು ಅದನ್ನ ಹೇಳ್ಬುಡ್ತೀನಿ.

ಶಿವರಾತ್ರಿಗೆ ಮಗ ಬೆಂಗಳೂರಿಂದ ಬಂದ. ಹೆಗಲಲ್ಲಿ ಒಂದು ಕರೀ ಚೀಲ. ಒಗೆಯೋ ಬಟ್ಟೆ ತಂದವ್ನೆ ಅಂದ್ಕೊಂಡು ಈಸ್ಕೊಳ್ಳಕ್ಕೆ ಹೋದೆ. "ಹುಷಾರು ಅವ್ವ, ಗಿಟಾರು" ಅಂದ. ಗಿಟಾರಿನ ಉದ್ದವೇ ಇಲ್ಲ ಆ ಚೀಲ. ಜಗುಲಿ ಮೇಲೆ ಮಡಗಿ ಜಿಪ್ ಎಳೆದ. ನೋಡ್ತೀನಿ, ಒಂದು ಉದ್ದನೆ ಕತ್ತು, ಅದರ ಕೆಳಗೆ ಚಪಾತಿ ಮಣೆಯಷ್ಟು ಒಂದು ಹಲಗೆ, ನಾಕು ದಪ್ಪ ತಂತಿ. ಅಷ್ಟೆಯ. ಹೊಟ್ಟೆ ಇಲ್ಲ. ತಲೆಯಂತೂ ಇಲ್ಲವೇ ಇಲ್ಲ. ಕತ್ತು ಮೇಲಕ್ಕೆ ಹೋಗ್ತಾ ಹೋಗ್ತಾ ಕುಡುಗೋಲಲ್ಲಿ ಕತ್ತರಿಸಿದಂಗೆ ನಿಂತೋಗಿದೆ.

ನಮ್ಮತ್ತೆ ಬಾಗಿಲಲ್ಲೇ ಕುಂತಿದ್ರು. ಎಂಬತ್ತು ದಾಟಿದೆ, ಕಣ್ಣು ಮಾತ್ರ ಇನ್ನೂ ಚುರುಕು.

"ಇದರ ತಲೆ ಯಾರ್ಲಾ ಕಿತ್ತೋರು?"

"ಕಿತ್ತಿಲ್ಲ ಅಜ್ಜಿ. ಇರೋದೇ ಹಿಂಗೆ."

"ತಲೆ ಇಲ್ದೋದ್ನ ಹಬ್ಬದ ದಿನ ಒಳಿಕ್ಕೆ ತರಬ್ಯಾಡ. ಆಚೆ ಮಡಗು."

ಹೈದ ಒಂದು ಮಾತೂ ಆಡಲಿಲ್ಲ. ಚೀಲ ಮುಚ್ಚಿ ತಗೊಂಡೋಗಿ ಕಾರಲ್ಲಿ ಮಡಗಿದ. ಎರಡು ವರ್ಷ ದುಡ್ಡು ಕೂಡಿಟ್ಟು ತಗೊಂಡಿದ್ದು, ಮೊದಲು ಮನೆಯವರಿಗೆ ತೋರಿಸಬೇಕು ಅಂತ ಆಸೆಯಿಂದ ತಂದಿದ್ದು ಅಂತ ಆಮೇಲೆ ಗೊತ್ತಾಯ್ತು. ಉಪವಾಸದ ಅವಲಕ್ಕಿನೂ ಸರಿಯಾಗಿ ತಿನ್ನಲಿಲ್ಲ. ರಾತ್ರಿ ಜಾಗರಣೆ ಹೊತ್ತಲ್ಲಿ ನೋಡ್ತೀನಿ, ಕಾರಿನ ಹಿಂದಿನ ಸೀಟಲ್ಲಿ ಕುಂತು, ಕಿವಿಗೆ ವೈರ್ ಸಿಕ್ಕಿಸ್ಕೊಂಡು ಒಬ್ಬನೇ ಬಾರಿಸ್ತಾವ್ನೆ. ಆಚೆಗೆ ಸದ್ದೇ ಇಲ್ಲ. ಬರೀ ಬೆರಳು ಓಡಾಡ್ತವೆ. ಒಂದು ಲೋಟ ಹಾಲು ತಗೊಂಡೋಗಿ ಪಕ್ಕದಲ್ಲಿ ಕುಂತೆ. "ಏನಪ್ಪ ಇದು, ತಲೆ ಯಾಕಿಲ್ಲ, ನಂಗಾದ್ರೂ ಹೇಳು" ಅಂದೆ. ಅವತ್ತು ರಾತ್ರಿ ಅವನು ಹೇಳಿದ್ದು, ಆಮೇಲೆ ನಾನೇ ಹುಡುಕಿ ಓದಿದ್ದು, ಎರಡೂ ಸೇರಿ ಈ ಬರಹ.

ಇದು ಸಾದಾ ಗಿಟಾರಲ್ಲ, ಬಾಸ್ ಗಿಟಾರು. ಹಾಡಿನ ಅಡಿಯಲ್ಲಿ ದುಮ್ ದುಮ್ ಅಂತ ತಗ್ಗಿನ ದನಿ ಬರುತ್ತಲ್ಲ, ಅದನ್ನ ನುಡಿಸೋದು. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಹಿಂದೆ ಮೂಲೇಲಿ ಒಬ್ಬ ನಿಂತಿರ್ತಾನೆ, ಅವನ ಕಡೆ ಯಾರೂ ನೋಡಲ್ಲ, ಅವನು ನಿಲ್ಲಿಸಿದ್ರೆ ಹಾಡು ಮಾತ್ರ ಬೋಳಾಗುತ್ತೆ. ಈಗ ರಘು ದೀಕ್ಷಿತ್ ತಂಡ ಶರೀಫಜ್ಜನ ಪದ ಹಾಡ್ತದಲ್ಲ, ಅದರಡಿಯಲ್ಲೂ ಇದೇ ಬಾಸು.

ತಗ್ಗಿನ ದನಿಗೆ ದೊಡ್ಡ ಹೊಟ್ಟೆ ಬೇಕು. ಇದು ನಮಗೆ ಹೇಳಿಕೊಡಬೇಕಾಗಿಲ್ಲ. ಚೊಂಬು ತಟ್ಟಿದ್ರೆ ಟಿಣ್ ಅಂತದೆ, ಹಂಡೆ ತಟ್ಟಿದ್ರೆ ಧೊಂ ಅಂತದೆ. ಅದಕ್ಕೇ ಯುರೋಪಿನ ದೇಶಗಳಲ್ಲಿ ಹಿಂದೆ ಬಾಸ್ ಅಂದ್ರೆ ಆಳೆತ್ತರದ ಪಿಟೀಲು, ನಿಂತ್ಕೊಂಡು ತಬ್ಬಿಕೊಂಡು ನುಡಿಸಬೇಕಿತ್ತು. ಹೊರೋದು ಯಾರು? ಅಮೆರಿಕದ ಸಿಯಾಟಲ್ ಅನ್ನೋ ಊರಲ್ಲಿ ಪಾಲ್ ಟುಟ್ಮಾರ್ಕ್ ಅಂತ ಒಬ್ಬ ಸಂಗೀತದ ಮೇಷ್ಟ್ರಿದ್ದ. ಅವನು 1936ರ ಸುಮಾರಿಗೆ ಕರೆಂಟಿನ ಬಾಸ್ ಮಾಡಿ, ಗಿಟಾರಿನ ಹಂಗೆ ಅಡ್ಡಡ್ಡ ಹಿಡ್ಕೊಂಡು ನುಡಿಸೋ ಹಂಗೆ ಇಟ್ಟ. ಹೆಚ್ಚು ಮಾರಾಟ ಆಗಲಿಲ್ಲ. ಆಮೇಲೆ 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಮಾಡಿದ್ದು ಲೋಕಕ್ಕೆಲ್ಲ ಹಬ್ಬಿತು. ಈ ಫೆಂಡರ್‌ಗೆ ಗಿಟಾರ್ ನುಡಿಸಕ್ಕೇ ಬರ್ತಿರಲಿಲ್ಲವಂತೆ, ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದೋನು. ತಬ್ಬಿಕೊಳ್ಳೋ ಹೊಟ್ಟೆ ಬೇಕಾಗಿಲ್ಲ ಅಂತ ತಿಳಿಯಕ್ಕೆ ರೇಡಿಯೋದೋನೇ ಬರಬೇಕಾಯ್ತು ನೋಡಿ.

ಯಾಕೆ ಬೇಡ ಅಂದ್ರೆ, ತಂತಿ ಕೆಳಗೆ ಆಯಸ್ಕಾಂತ ಕೂರಿಸಿರ್ತಾರೆ. ಅದರ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ವೈರನ್ನ ಸಾವಿರಾರು ಸುತ್ತು ಸುತ್ತಿರ್ತಾರೆ. ತಂತಿ ಅದುರಿದ್ರೆ ಆ ವೈರಲ್ಲಿ ವಸಿ ಕರೆಂಟ್ ಹುಟ್ಟುತ್ತೆ, ಅದನ್ನ ಸ್ಪೀಕರು ದೊಡ್ಡದು ಮಾಡ್ತದೆ. ಇದಕ್ಕೆ ತಂತೀಲಿ ಆಯಸ್ಕಾಂತ ಹಿಡಿಯೋ ಲೋಹ ಇರಬೇಕು, ಉಕ್ಕೋ ನಿಕ್ಕಲ್ಲೋ. ಬರೀ ಹಿತ್ತಾಳೆ ಆದ್ರೆ ನಡೆಯಲ್ಲ, ನೈಲಾನೂ ನಡೆಯಲ್ಲ. ನಾನು ನಂಬಲಿಲ್ಲ ಅಂತ ಮಗ ನಮ್ಮ ಫ್ರಿಜ್ ಮೇಲೆ ಅಂಟಿಸಿದ್ದ ಮಾವಿನಹಣ್ಣಿನ ಬಿಲ್ಲೆ ಕಿತ್ತುಕೊಂಡು ಬಂದು ತಂತಿಗೆ ಹಿಡಿದ. ಟಕ್ ಅಂತ ಅಂಟಿಕೊಂಡ್ತು. ಅದನ್ನೇ ನನ್ನ ಕೈಲಿದ್ದ ಹಿತ್ತಾಳೆ ಲೋಟಕ್ಕೆ ಹಿಡಿದ. ಜಾರಿ ಬಿತ್ತು.

ಅಲ್ಲಿಗೆ ಹೊಟ್ಟೆಯ ಕೆಲಸವನ್ನ ಆಯಸ್ಕಾಂತ ಕಿತ್ಕೊಂಡ್ತು. ಹೊಟ್ಟೆಗೆ ಕೆಲಸ ಇಲ್ಲ ಅಂದ್ಮೇಲೆ ಆಕಾರ ಏನು ಬೇಕಾದ್ರೂ ಆಗಬಹುದಲ್ಲ? ಆದ್ರೆ ಜನ ಅಷ್ಟು ಬೇಗ ಹಳೇದನ್ನ ಬಿಡಲ್ಲ. ಗಿಬ್ಸನ್ ಕಂಪನಿಯೋರು 1953ರಲ್ಲಿ ಒಂದು ಬಾಸ್ ಮಾಡಿದ್ರು, ಪಿಟೀಲಿನ ಆಕಾರದ್ದೇ. ಒಳಗೆ ಗಟ್ಟಿ ಮರ. ಪಿಟೀಲಿನ ಮೇಲೆ ದನಿ ಆಚೆ ಬರಕ್ಕೆ ಬಳ್ಳಿ ಥರ ಎರಡು ತೂತಿರ್ತವಲ್ಲ, ಈ ಗಟ್ಟಿ ಮರದ ಮೇಲೆ ಅಂಥ ತೂತನ್ನ ಬಣ್ಣದಲ್ಲಿ ಬರೆದು ಬಿಟ್ಟಿದ್ರು! ಮಗ ಫೋನಲ್ಲಿ ತೋರಿಸಿದಾಗ ನಗು ತಡೆಯಕ್ಕಾಗಲಿಲ್ಲ. ನಗಬಾರದು, ನಮ್ಮಲ್ಲೂ ಗ್ಯಾಸ್ ಒಲೆ ಬಂದ ಮೊದಲ ವರ್ಷ ನಮ್ಮತ್ತೆ ಬರ್ನರ್ ಪಕ್ಕ ದಿನಾ ಸಗಣೀಲಿ ಸಾರಿಸಿ ರಂಗೋಲಿ ಹಾಕ್ತಿದ್ರು.

ಆಮೇಲೆ ಒಂದೊಂದೇ ಬಂಧ ಬಿಚ್ಚಿಕೊಂಡ್ತು. 1963ರಲ್ಲಿ ಅದೇ ಕಂಪನಿಯೋರು ಕಾರಿನ ವಿನ್ಯಾಸ ಮಾಡೋ ರೇ ಡೀಟ್ರಿಕ್ ಅನ್ನೋನ್ನ ಕರೆಸಿ ಥಂಡರ್‌ಬರ್ಡ್ ಅಂತ ಬಾಸ್ ಮಾಡಿಸಿದ್ರು, ಎಲ್ಲಾ ಕಡೆ ಮೂಲೆ ವಾರೆವಾರೆ. ಡ್ಯಾನ್ ಆರ್ಮ್‌ಸ್ಟ್ರಾಂಗ್ ಅನ್ನೋನು 1969ರಲ್ಲಿ ಗಾಜಿನಂಗೆ ಕಾಣೋ ಪ್ಲಾಸ್ಟಿಕ್ಕಲ್ಲಿ ಮಾಡಿದ, ಆ ಕಡೆಯಿಂದ ನೋಡಿದ್ರೆ ನುಡಿಸೋನ ಅಂಗಿ ಗುಂಡಿ ಕಾಣ್ತದೆ. ಮುಖಕ್ಕೆ ಬಣ್ಣ ಬಳ್ಕೊಂಡು ನಾಲಿಗೆ ಆಚೆ ಹಾಕೋ ಕಿಸ್ ತಂಡದ ಜೀನ್ ಸಿಮನ್ಸ್ ಕೊಡಲಿ ಆಕಾರದ್ದು ಮಾಡಿಸ್ಕೊಂಡ. ಕೊಡಲಿ ನಂಗೆ ಹಿಡಿಸಲಿಲ್ಲ. ಅದು ನೋಡೋರಿಗೋಸ್ಕರ ಮಾಡಿದ ಆಕಾರ, ಕೈಗೋ ದನಿಗೋ ಅದರಿಂದ ಏನೂ ಇಲ್ಲ.

ಮಗನ ಹತ್ರ ಇರೋ ಥರದ್ದು ಹಂಗಲ್ಲ. ಅದನ್ನ ಮೊದಲು ಮಾಡಿದೋನು ನೆಡ್ ಸ್ಟೈನ್‌ಬರ್ಗರ್, ಕುರ್ಚಿ-ಮೇಜು ವಿನ್ಯಾಸ ಮಾಡ್ತಿದ್ದೋನು. ಬಾಸಿನ ಕತ್ತು ಉದ್ದ, ಅದರ ತುದೀಲಿ ತಲೆ, ತಲೇಲಿ ನಾಕು ದಪ್ಪ ಬಿರಡೆ. ಕೈ ಬಿಟ್ರೆ ಆ ಭಾರಕ್ಕೆ ಕತ್ತು ನೆಲದ ಕಡೆ ಜಗ್ತದೆ. ಸಣ್ಣ ಬಟ್ಟಲಿಗೆ ಉದ್ದ ಸೌಟು ಹಾಕಿದ್ರೆ ಬಟ್ಟಲೇ ಮಗುಚ್ಕೊಳ್ತದಲ್ಲ, ಹಂಗೆ. ನುಡಿಸೋನು ಎಡಗೈಲಿ ಸ್ವರ ಒತ್ತೋದರ ಜೊತೆ ಭಾರಾನೂ ಎತ್ತಿ ಹಿಡೀಬೇಕು. ಸ್ಟೈನ್‌ಬರ್ಗರ್ ಬಿರಡೆಗಳನ್ನ ಕಿತ್ತು ಕೆಳಗೆ ಹಲಗೆಯ ಹಿಂಭಾಗಕ್ಕೆ ಹಾಕಿದ. ತಲೆಗೆ ಕೆಲಸ ಹೋಯ್ತು, ತಲೇನೂ ಹೋಯ್ತು. 1980ರ ಸುಮಾರಿಗೆ ಅದು ಮಾರ್ಕೆಟ್ಟಿಗೆ ಬಂತು. ಮರಾನೂ ಇಲ್ಲ, ಕಾರ್ಬನ್ನಿನ ಎಳೆಗೆ ಅಂಟು ಸೇರಿಸಿ ಅಚ್ಚು ಹೊಯ್ದಿದ್ದು. ಮಗನದ್ದು ಅದೇ ಜಾತಿ, ಆದ್ರೆ ಮರದ್ದು. "ಇದರ ತೂಕ ನೋಡವ್ವ" ಅಂತ ನನ್ನ ತೊಡೆ ಮೇಲೆ ಮಡಗಿದ. ಅಷ್ಟುದ್ದದ ಸಾಮಾನು ಯಾವ ಕಡೆಗೂ ಜಗ್ಗದಂಗೆ ಕುಂತ್ಕೊಂಡ್ತು, ಮಲಗಿದ ಕೂಸಿನಂಗೆ.

ಹಿಂಗೇ ಮಾತಾಡ್ತಾ ಮಗ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಕತೆಗೆ ಬಂದ. ಅವನದ್ದೂ ಪಿಟೀಲಿನ ಆಕಾರದ ಬಾಸು, ಜರ್ಮನಿಯ ಹೋಫ್ನರ್ ಕಂಪನೀದು, 1961ರಲ್ಲಿ ಹ್ಯಾಂಬರ್ಗಲ್ಲಿ ತಗೊಂಡಿದ್ದು. ಅವನು ಎಡಚ. ಸಾದಾ ಗಿಟಾರನ್ನ ಎಡಗೈಯವರು ತಿರುಗಿಸಿ ಹಿಡಿದ್ರೆ ಸೊಟ್ಟ ಕಾಣ್ತದೆ, ಪಿಟೀಲಿನ ಆಕಾರ ಎರಡು ಕಡೇನೂ ಒಂದೇ ಸಮ, ಅದಕ್ಕೇ ಅದನ್ನ ಒಪ್ಪಿದ್ದು. ಆ ಬಾಸು 1972ರಲ್ಲಿ ಲಂಡನ್ನಲ್ಲಿ ವ್ಯಾನಿಂದ ಕಳುವಾಯ್ತು. ಐವತ್ತು ವರ್ಷದ ಮೇಲೆ ಇಂಗ್ಲೆಂಡಿನ ಸಸೆಕ್ಸ್ ಕಡೆ ಒಂದು ಮನೇಲಿ ಸಿಕ್ತು, 2024ರಲ್ಲಿ ಪೇಪರಲ್ಲೆಲ್ಲ ಬಂದಿತ್ತು.

"ಮನೇಲಿ ಎಲ್ಲಿತ್ತಂತೆ?" ಅಂದೆ.

"ಅಟ್ಟದ ಮೇಲೆ."

ನನ್ನ ಎದೆ ಧಸಕ್ ಅಂತು. ಮಗ ಗಮನಿಸಲಿಲ್ಲ. "ನಮ್ಮ ಕಡೆ ಇಂಥ ವಿಚಿತ್ರ ಆಕಾರದ್ದು ಏನಾದ್ರೂ ಇತ್ತಾ ಅವ್ವ, ತಾತನ ಕಾಲದಲ್ಲಿ?" ಅಂತ ಕೇಳಿದ.

ಇತ್ತು. ನಮ್ಮ ತವರು ಮಳವಳ್ಳಿ ತಾಲೂಕಲ್ಲಿ, ಬೊಪ್ಪೇಗೌಡನಪುರದ ಕಡೆ. ಮಂಟೇಸ್ವಾಮಿ, ಸಿದ್ದಪ್ಪಾಜಿ ಒಕ್ಕಲು ನಾವು. ನಮ್ಮ ದೊಡ್ಡಪ್ಪ ನೀಲಗಾರ ದೀಕ್ಷೆ ತಗೊಂಡಿದ್ರು. ಚಿಕ್ಕಲ್ಲೂರು ಜಾತ್ರೆ, ಕಪ್ಪಡಿ ಜಾತ್ರೆಗೆ ಹೋಗಿ ಪದ ಹೇಳೋರು. ಊರಲ್ಲಿ ಯಾರಾದ್ರೂ ಹರಕೆ ಕಟ್ಕೊಂಡಿದ್ರೆ ರಾತ್ರಿ ಪೂರಾ ಕತೆ. ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ ನೀವೆಲ್ಲ ಕೇಳಿದ್ದೀರಲ್ಲ, ಅದೇ ಕತೆ, ಅದೇ ತಂಬೂರಿ ದನಿ. ದೊಡ್ಡಪ್ಪನ ಒಂದು ಕೈಲಿ ತಂಬೂರಿ, ಇನ್ನೊಂದು ಕೈಲಿ ಗಗ್ಗರ, ಹಿಂದೆ ಇಬ್ಬರು ಮೂವರು ದನಿ ಸೇರಿಸೋರು.

ಆ ತಂಬೂರಿ ಸಂಗೀತ ಕಚೇರೀಲಿ ಕಾಣೋ ನಯವಾದ ತಂಬೂರಿ ಅಲ್ಲ. ಅದು ನೆಲದ ಮೇಲೆ ಕುಂತು ನುಡಿಸೋರ ವಾದ್ಯ, ಕೊಡ ದೊಡ್ಡದಾದ್ರೂ ನಡೀತದೆ. ನೀಲಗಾರ ನಿಂತು, ಹೆಗಲಿಗೆ ಆನಿಸಿ, ಕುಣೀತಾ ನುಡಿಸಬೇಕು. ಭಿಕ್ಷಕ್ಕೆ ಹೋದ್ರೆ ಮೈಲಿಗಟ್ಟಲೆ ಹೊರಬೇಕು. ದೊಡ್ಡಪ್ಪಂದು ಹಲಸಿನ ಮರದ್ದು. ಎಂಟು ವರ್ಷದ ನನಗಿಂತ ಎತ್ತರ. ಹೊಟ್ಟೆ ಒಂದು ಕಡೆ ವಸಿ ಚಪ್ಪಟೆ, ಪಕ್ಕೆಗೆ ಆತ್ಕೊಳ್ಳೋ ಹಂಗೆ. ದನಿ ಝುಂ ಅನ್ನಲಿ ಅಂತ ಪಂಚೆ ಅಂಚಿನಿಂದ ಒಂದೆಳೆ ನೂಲು ಕಿತ್ತು ಕುದುರೆ ಮೇಲೆ ತಂತಿ ಕೆಳಗೆ ತೂರಿಸೋರು. ಅದಕ್ಕೆ ಜೀವ ಅಂತಾರೆ. ನೂಲು ವಸಿ ಸರಿದ್ರೆ ತಂತಿ ಸತ್ತಂಗೆ ಟಣ್ ಅಂತದೆ, ಸರಿಯಾದ ಜಾಗಕ್ಕೆ ಬಂದ್ರೆ ಜೇನುಹುಳ ಎದ್ದಂಗೆ ಮೊರೀತದೆ.

ಈ ಕತೇಲಿ ಕಬ್ಬಿಣ ದೊಡ್ಡ ಮಾತು. ಸಿದ್ದಪ್ಪಾಜಿಯ ಹುಟ್ಟೂರು ನಮ್ಮ ಮದ್ದೂರು ತಾಲೂಕಿನ ನಿಡಘಟ್ಟ. ಎಕ್ಸ್‌ಪ್ರೆಸ್ ಹೈವೇಲಿ ಹೋಗ್ತಾ ಬೋರ್ಡ್ ನೋಡಿರ್ತೀರಿ, ಕತೆ ನೆನಪಾಗಿರಲ್ಲ. ಅಲ್ಲಿನ ಪಾಂಚಾಳರ ಮನೆ ಮಗ ಕೆಂಪಾಚಾರಿ. ಮಂಟೇಸ್ವಾಮಿ ಅವನನ್ನ ಶಿಷ್ಯನಾಗಿ ಬೇಡಿ ಪಡೆದು ಸಿದ್ದಪ್ಪಾಜಿ ಮಾಡ್ತಾರೆ. ಆಮೇಲೆ ಕಬ್ಬಿಣದ ಭಿಕ್ಷೆ ತಗೊಂಡು ಬಾ ಅಂತ ಹಲಗೂರಿನ ಪಾಂಚಾಳರ ಹತ್ರ ಕಳಿಸ್ತಾರೆ. ಅವರು ಒಂದೇ ಸಲಕ್ಕೆ ಕೊಡಲ್ಲ, ಹುಡುಗನ್ನ ಪಡಬಾರದ ಪಾಡು ಪಡಿಸ್ತಾರೆ. ಹಲಗೂರಿನ ಸಾಲು ಬಂದಾಗ ಕತೆ ಕೇಳೋ ಹೆಂಗಸರೆಲ್ಲ ಸೆರಗು ಕಣ್ಣಿಗೆ ಒತ್ಕೊಳ್ಳೋರು. ನಮ್ಮವ್ವ ಅಂತೂ ನೂರು ಸಲ ಕೇಳಿದ್ರೂ ನೂರು ಸಲ ಅತ್ತಿದ್ದಾಳೆ.

ಆ ಕತೇನ ಹೇಳೋ ತಂತಿಯೂ ಕಬ್ಬಿಣದ್ದೇ ಅಲ್ವಾ ಅಂತ ನಂಗೆ ಆ ರಾತ್ರಿ ಕಾರಲ್ಲಿ ಕುಂತಾಗಲೇ ಹೊಳೆದಿದ್ದು. ಆಮೇಲೆ ತಂತಿ ಎಲ್ಲಿಂದ ಬರ್ತಿತ್ತು ಅಂತ ಹುಡುಕಿದೆ. ದೂರ ಹೋಗಬೇಕಾಗಲಿಲ್ಲ. ನಿಡಘಟ್ಟ ದಾಟಿ ಬೆಂಗಳೂರು ಕಡೆ ಹೊರಟ್ರೆ ಮುಂದಿನ ದೊಡ್ಡ ಊರು ಚನ್ನಪಟ್ಟಣ. ಟಿಪ್ಪು ತೀರಿಕೊಂಡ ಮಾರನೇ ವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಇಂಗ್ಲಿಷ್ ಕಂಪನಿಯ ಡಾಕ್ಟರು ಮೈಸೂರು ಸೀಮೆ ಸುತ್ತಿ ಕಂಡಿದ್ದನ್ನೆಲ್ಲ ಬರೆದಿಟ್ಟ. 1807ರಲ್ಲಿ ಲಂಡನ್ನಲ್ಲಿ ಅಚ್ಚಾಯ್ತು. ಚನ್ನಪಟ್ಟಣದಲ್ಲಿ ವಾದ್ಯಕ್ಕೆ ಉಕ್ಕಿನ ತಂತಿ ಎಳೀತಾರೆ, ಅದು ಇಂಡಿಯಾದ ದೂರದೂರದ ಊರಿಗೆಲ್ಲ ಹೋಗ್ತದೆ ಅಂತ ಅವನು ಬರೆದವ್ನೆ. ಈಗ ಚನ್ನಪಟ್ಟಣ ಅಂದ್ರೆ ಗೊಂಬೆ ಅಂತೀವಿ. ಎಲ್ಲೋ ದೂರದ ಅರಮನೇಲಿ ನುಡಿದ ತಂತಿ ನಮ್ಮ ಪಕ್ಕದೂರಿನ ಕುಲುಮೇಲಿ ಎಳೆದದ್ದು ಅಂದ್ರೆ ಒಂದು ಥರ ಆಗಲ್ವಾ? ಮದುವೆಯಾಗಿ ಮೂವತ್ತು ವರ್ಷ ಆ ಊರಿನ ಮುಂದೇನೆ ಬಸ್ಸಲ್ಲಿ ಓಡಾಡಿದ್ದೀನಿ, ನಂಗೆ ಯಾರೂ ಹೇಳಿರಲಿಲ್ಲ.

ಇನ್ನು ಆಕಾರದ ಮಾತು. ನಮ್ಮ ನಾಡಿನ ತಂತಿ ವಾದ್ಯಗಳು ಆ ಕೊಡಲಿ ಬಾಸಿಗಿಂತ ಏನು ಕಮ್ಮಿ ವಿಚಿತ್ರ? ಬಡಗಲ ಸೀಮೇಲಿ ಎಲ್ಲಮ್ಮನ ಜೋಗತಿಯರು ನುಡಿಸೋ ಚೌಡಿಕೆ ನೋಡಿ: ಭತ್ತ ಅಳೆಯೋ ಸೇರಿನಂಥ ಮರದ ಡಬ್ಬಿ, ಒಂದು ಬಾಯಿಗೆ ಚರ್ಮ, ಪಕ್ಕಕ್ಕೊಂದು ಕೋಲು, ಒಂದೇ ತಂತಿ. ಕಂಕುಳಲ್ಲಿ ಇಟ್ಕೊಂಡು ನುಡಿಸ್ತಾರೆ. ಇನ್ನು ಕಿನ್ನರಿಗೆ ಮೂರು ಸೋರೆ ಬುರುಡೆ, ಒಂದೇ ದಂಡಿಗೆ ಸಾಲಾಗಿ ಕಟ್ಟಿದ್ದು. ಬಸವಣ್ಣನ ಕಾಲದ ಶರಣ ಕಿನ್ನರಿ ಬೊಮ್ಮಯ್ಯನಿಗೆ ಆ ಹೆಸರು ಬಂದಿದ್ದೇ ಆ ವಾದ್ಯದಿಂದ. ಇವೆಲ್ಲ ವಿಚಿತ್ರ ಕಂಡ್ರೂ ಒಂದೊಂದು ವಾರೆಗೂ ಒಂದೊಂದು ಕಾರಣ ಅದೆ. ಕೈಗೆ ಸಿಕ್ಕಿದ ಸೋರೆ, ಹಿತ್ತಲ ಹಲಸು, ನಡೆಯೋ ದಾರಿ, ಕುಣಿಯೋ ಕಾಲು. ಹೊಟ್ಟೆ ಕಿತ್ತುಬಿಟ್ರೆ ದನಿಯೇ ಇಲ್ಲ. ಸ್ಟೈನ್‌ಬರ್ಗರ್ ಮಾಡಿದ್ದೂ ಅದೇ ಥರದ ಲೆಕ್ಕ, ಹೊರೋನ ಕಡೆಯಿಂದ ಯೋಚನೆ ಮಾಡಿದ್ದು. ಅದಕ್ಕೇ ನಂಗೆ ಕೊಡಲಿಗಿಂತ ಈ ತಲೆ ಇಲ್ಲದ್ದೇ ನಮ್ಮ ನೀಲಗಾರರ ತಂಬೂರಿಗೆ ಹತ್ರದ ನೆಂಟ ಅನ್ನಿಸ್ತು.

ಕರೆಂಟು ನಮ್ಮ ತಂಬೂರಿಗೂ ಬಂತು. ನಮ್ಮ ಬೀದೀಲಿ ಸಂಗೀತ ಹೇಳಿಕೊಡೋ ಮೇಡಂ ಮನೇಲಿ ಮೂಲೇಲಿ ಒಂದು ಡಬ್ಬಿ ಝುಂ ಅಂತಿರ್ತದಲ್ಲ, ಊಟದ ಡಬ್ಬಿಯಷ್ಟಿದೆ. ಮೊದಲ ಎಲೆಕ್ಟ್ರಾನಿಕ್ ತಂಬೂರಿ ಆದದ್ದು ನಮ್ಮ ಬೆಂಗಳೂರಲ್ಲೇ, 1979ರಲ್ಲಿ. ಮಾಡಿದೋರು ರಾಡೆಲ್ ಕಂಪನಿಯ ಜಿ. ರಾಜ್‌ನಾರಾಯಣ್, ಇಂಜಿನಿಯರು, ಕೊಳಲೂ ನುಡಿಸ್ತಿದ್ರು. ಅಮೆರಿಕದೋರು ಬರೀ ತಲೆ ತೆಗೆದ್ರು. ಇವರು ತಲೆ, ಕತ್ತು, ಹೊಟ್ಟೆ, ತಂತಿ ಎಲ್ಲಾ ತೆಗೆದು ದನಿ ಒಂದನ್ನೇ ಉಳಿಸಿಕೊಂಡ್ರು. ಒಬ್ಬರೇ ಕುಂತು ಅಭ್ಯಾಸ ಮಾಡೋ ಮಕ್ಕಳಿಗೆ ದೊಡ್ಡ ಉಪಕಾರ ಅದು, ನಾನು ಬೈಯಲ್ಲ. ಆದ್ರೆ ಹೆಗಲಿಗೆ ಆನಿಸಿ ಕುಣಿಯಕ್ಕೆ ಆ ಡಬ್ಬಿ ಆಗಲ್ಲ.

ಈಗ ಅಟ್ಟದ ಮಾತು. ಇಷ್ಟು ಹೊತ್ತು ಸುತ್ತಿ ಬಳಸಿ ಬಂದಿದ್ದು ಇದನ್ನ ಹೇಳಕ್ಕೆ ಬಾಯಿ ಬರದೆ.

ದೊಡ್ಡಪ್ಪ 1989ರಲ್ಲಿ ತೀರಿಕೊಂಡ್ರು. ಅವರಿಗೆ ಮಕ್ಕಳಿರಲಿಲ್ಲ. ನಮ್ಮಣ್ಣ ದೀಕ್ಷೆ ತಗೊಳ್ಳಲಿಲ್ಲ. ಗಗ್ಗರ, ಜೋಳಿಗೆ ದೇವರ ಮೂಲೆಗೆ ಸೇರಿದ್ವು. ತಂಬೂರಿ ಅಲ್ಲಿ ಹಿಡಿಸದೆ ಅಟ್ಟ ಹತ್ತಿತು. 1996ರಲ್ಲಿ ನಾನು ಬಾಣಂತನಕ್ಕೆ ಹೋದೆ, ಇದೇ ಮಗ ಹುಟ್ಟಿದಾಗ. ಆಷಾಢದ ಮಳೆ, ಎಂಟು ದಿನ ಬಿಡದೆ ಹಿಡ್ಕೊಂಡಿತ್ತು. ಸೌದೆಯೆಲ್ಲ ನೆಂದು ಹೊಗೆ. ಬಾಣಂತಿಗೆ, ಕೂಸಿಗೆ ಹಂಡೆಗಟ್ಟಲೆ ಬಿಸಿನೀರು ಬೇಕು. ನಮ್ಮತ್ತಿಗೆ ಊದಿ ಊದಿ ಕಣ್ಣು ಕೆಂಪು ಮಾಡ್ಕೊಂಡಿದ್ರು. ನಾನು ಮಂಚದ ಮೇಲೆ ಮಲಗಿದ್ದೋಳು, ಕೂಸು ಅಳೋದು ತಡೆಯಕ್ಕಾಗದೆ, "ಅಟ್ಟದ ಮೇಲೆ ಆ ಹಳೇದು ಬಿದ್ದದಲ್ಲ, ಇಲಿ ಗೂಡು ಕಟ್ಕೊಂಡಿರೋದು, ಒಣಗಿರ್ತದೆ, ಅದನ್ನೇ ಹಾಕ್ಬುಡಿ" ಅಂದೆ.

ಅತ್ತಿಗೆ ಒಂದು ಗಳಿಗೆ ಸುಮ್ಮನೆ ನಿಂತ್ರು. ಆಮೇಲೆ ಅಟ್ಟ ಹತ್ತಿದ್ರು. ಹಲಸಿನ ಮರ, ಚೆನ್ನಾಗಿ ಉರೀತು. ನೀರು ಕಾಯ್ತು. ಅವ್ವ ಸಂಜೆ ಗದ್ದೆಯಿಂದ ಬಂದು ನೋಡಿ ಏನೂ ಅನ್ನಲಿಲ್ಲ. ಅಂದಿದ್ರೆ ವಾಸಿಯಾಗ್ತಿತ್ತು. ಮಾರನೇ ದಿನ ಒಲೆ ಪಕ್ಕ ಬಿದ್ದಿದ್ದ ತಂತೀನ ಸುತ್ತಿ ತಗೊಂಡೋಗಿ ಕೋಳಿ ಪಂಜರದ ಬಾಗಿಲಿಗೆ ಕಟ್ಟಿದ್ಲು. ಬಾಣಂತನ ಮುಗಿಸಿ ನಾನು ಮದ್ದೂರಿಗೆ ಹೊರಡೋವರೆಗೂ ಮಂಟೇಸ್ವಾಮಿ ಕ್ಯಾಸೆಟ್ ಹಾಕಲೇ ಇಲ್ಲ.

ಇದನ್ನ ಮಗನಿಗೆ ಹೇಳಿದೆ. "ನಿನ್ನ ಮೈಗೆ ಹುಯ್ದ ನೀರು ಅದರಲ್ಲಿ ಕಾದಿದ್ದು ಕಣಪ್ಪ" ಅಂದೆ. ಅವನು ತುಂಬಾ ಹೊತ್ತು ಮಾತಾಡಲಿಲ್ಲ. ಗಿಟಾರಿನ ತಳದ ಬಿರಡೆ ತಿರುಗಿಸ್ತಾ ತಿರುಗಿಸ್ತಾ ಕುಂತಿದ್ದ. ಆಮೇಲೆ "ಇಲಿ ಕಡಿದಿದ್ರೆ ದನಿ ಬರ್ತಿರಲಿಲ್ಲ ಬುಡವ್ವ" ಅಂದ. ನಂಗೋಸ್ಕರ ಅಂದಿದ್ದು ಅಂತ ಗೊತ್ತು.

ಬೆಳಿಗ್ಗೆ ಅತ್ತೆಗೆ ಸಮಾಧಾನ ಹೇಳಕ್ಕೆ ಹೋದೆ. ಮೈಸೂರು ವೀಣೆ ತುದೀಲಿ ಯಾಳಿ ಮುಖ ಇರ್ತದಲ್ಲ, ಅದಕ್ಕೂ ದನಿಗೂ ಸಂಬಂಧ ಇಲ್ಲ ಅತ್ತೆ, ಚೆಂದ ಕಾಣಲಿ ಅಂತ ಮಾಡೋದು, ಬಿರಡೆ ಬೇರೆ ಕಡೆ ಇರ್ತವೆ ಅಂದೆ. ಅತ್ತೆ ನನ್ನನ್ನ ಮೇಲಿಂದ ಕೆಳಗೆ ನೋಡಿ, "ನಿನ್ನ ತಲೆಯಿಂದ ಈ ಮನೇಗೆ ಯಾವ ದನಿ ಬಂದದೆ? ಕಿತ್ತು ಹಾಕಿದ್ದೀವಾ?" ಅಂದ್ರು. ಮಾತಲ್ಲಿ ಅವರನ್ನ ಗೆಲ್ಲಕ್ಕಾಗಲ್ಲ. ಮಗ ಆಚೆಯಿಂದ ನಗ್ತಾ ಬಂದ, ಗಿಟಾರ್ ತಂದು ಜಗುಲಿ ಮೇಲೇ ಕುಂತ, ಒಂದು ಸಣ್ಣ ಸ್ಪೀಕರಿಗೆ ಸಿಕ್ಕಿಸಿ ದಪ್ಪ ತಂತಿ ಒಂದನ್ನೇ ನಿಧಾನವಾಗಿ ಮೀಟಿದ. ಜಗುಲಿ ಕಲ್ಲು ಅದುರಿತು. ಅತ್ತೆ ಕುಂತಿದ್ದೋರು ಅಂಗೈನ ಕಲ್ಲಿನ ಮೇಲೆ ಊರಿ ಹಂಗೇ ಇದ್ರು. ಆಮೇಲೆ, "ದನಿ ಪರವಾಗಿಲ್ಲ. ಆ ಬೋಳು ತುದಿಗೆ ಒಂದು ಅರಿಶಿನದ ದಾರನಾರು ಕಟ್ಟಿ ಒಳಿಕ್ಕೆ ತಗೊಂಡೋಗು" ಅಂದ್ರು. ಕಟ್ಟಿದ. ಈಗ್ಲೂ ಅದೆ ಅದು, ಬೆಂಗಳೂರಲ್ಲಿ ಅವನ ಸ್ನೇಹಿತರು ಕೇಳ್ತಾರಂತೆ.

ನಾನು ಮನಸ್ಸು ತಡೀದೆ ಅಣ್ಣನ ಮನೆಗೆ ಫೋನ್ ಮಾಡಿದೆ. ಕೋಳಿ ಪಂಜರ ಹೋಗಿ ಎಷ್ಟೋ ವರ್ಷ ಆಯ್ತಂತೆ. ತಂತಿ ಎಲ್ಲಿ ಸಿಗ್ತದೆ. ಅತ್ತಿಗೆ ಆ ಕಡೆಯಿಂದ, "ಬಿರಡೆ ಒಂದದೆ ಕಣವ್ವ" ಅಂದ್ರು. ನಂಗೆ ಅರ್ಥ ಆಗಲಿಲ್ಲ. ಅವತ್ತು ಒಲೆಗೆ ಹಾಕೋ ಮುಂಚೆ ಬಿರಡೆಗಳನ್ನ ಕಿತ್ತು ಪಕ್ಕಕ್ಕೆ ಮಡಗಿದ್ರಂತೆ, ಯಾಕೋ ಅವನ್ನ ಹಾಕಕ್ಕೆ ಕೈ ಬರಲಿಲ್ಲವಂತೆ. ಮೂರು ಕಳೆದೋದ್ವು. ಒಂದನ್ನ ಅವ್ವ ಬಟ್ಟೆ ಸುತ್ತಿ ಬಿಗಿಯಾಗಿ ಬೀಸುಕಲ್ಲಿಗೆ ಗೂಟ ಮಾಡ್ಕೊಂಡಿದ್ಲು. ಹತ್ತು ವರ್ಷ, ಸಾಯೋವರೆಗೂ, ಅದನ್ನ ಹಿಡ್ಕೊಂಡೇ ರಾಗಿ ಬೀಸಿದ್ದಾಳೆ. ನಾನೂ ತವರಿಗೆ ಹೋದಾಗ ಎಷ್ಟು ಸಲ ಅದೇ ಗೂಟ ಹಿಡಿದು ಬೀಸಿದ್ದೀನಿ, ನೋಡಿಯೇ ಇಲ್ಲ.

ಹೋದ ಭಾನುವಾರ ನಾನೂ ಮಗನೂ ಹೋಗಿ ತಗೊಂಡು ಬಂದ್ವಿ. ಅಂಗೈ ಉದ್ದ, ಹಿಡಿ ಕಡೆ ದಪ್ಪ, ತುದಿ ಕಡೆ ಸಣ್ಣ, ಸವೆದು ಸವೆದು ಕರೀ ಕಲ್ಲಿನಂಗೆ ನುಣ್ಣಗಾಗದೆ. ತಂತಿ ಪೋಣಿಸೋ ತೂತು ಎಲ್ಲಿ ಅಂತ ಮಗ ತಿರುಗಿಸಿ ತಿರುಗಿಸಿ ಹುಡುಕಿದ. ಬಟ್ಟೆ ಬಿಚ್ಚಿ ನೋಡಿದ್ರೆ ಇತ್ತು, ಒಳಗೆ ರಾಗಿ ಹಿಟ್ಟು ಕೂತು ಗಟ್ಟಿಯಾಗಿ ಮುಚ್ಚಿಹೋಗಿತ್ತು. ನನ್ನ ಹೊಲಿಗೆ ಪೆಟ್ಟಿಗೆಯಿಂದ ದಬ್ಬಳ ತಂದು ಬಿಡಿಸಿದೆ. ಅರ್ಧ ಗಂಟೆ ಹಿಡೀತು.